ಭಾರ ಹೊರುವವರು, ಬಾಡಿಗೆ ಕೊಡುವವರು

ಗೂಡ್ಸ್ ರೈಲಿನ ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ಹೆಬ್ಬೆರಳಿನ ಉಗುರಿಗಿಂತ ಹೆಚ್ಚು ದೊಡ್ಡದಲ್ಲ. ಕಲ್ಲಿದ್ದಲು ತುಂಬಿದ ವ್ಯಾಗನ್ನಿನ ಒಂದೊಂದು ಗಾಲಿಯೂ ಅಷ್ಟೇ ಜಾಗದ ಮೇಲೆ ಹತ್ತು ಟನ್‌ಗೂ ಮೀರಿದ ಭಾರವನ್ನು ಊರಿಕೊಂಡು ಉರುಳುತ್ತದೆ. ಉಕ್ಕು ಆ ಭಾರಕ್ಕೆ ತಗ್ಗುವುದು ಕೂದಲೆಳೆಯಷ್ಟು. ತಗ್ಗಿದ್ದು ಗಾಲಿ ದಾಟಿದ ಕೂಡಲೇ ಮೊದಲಿನಂತಾಗುತ್ತದೆ. ಹೀಗೆ ತಗ್ಗಿ ಏಳುವಾಗ ಕಳೆದುಹೋಗುವ ಶಕ್ತಿ ತೀರಾ ಕಡಿಮೆ. ಲಾರಿಯ ರಬ್ಬರ್ ಟಯರಿನ ಸ್ವಭಾವ ಬೇರೆ. ನೆಲ ಮುಟ್ಟಿದಲ್ಲೆಲ್ಲ ಅದು ಚಪ್ಪಟೆಯಾಗಬೇಕು, ಮೇಲೇಳುತ್ತಲೇ ಮತ್ತೆ ದುಂಡಗಾಗಬೇಕು. ಸುತ್ತು ಸುತ್ತಿಗೂ ಒಂದಿಷ್ಟು ಡೀಸೆಲ್ ಈ ಹಿಸುಕಾಟದಲ್ಲಿ ಶಾಖವಾಗಿ ಹೋಗುತ್ತದೆ. ದೂರದಿಂದ ಬಂದು ನಿಂತ ಲಾರಿಯ ಟಯರು ಮುಟ್ಟಿದರೆ ಬಿಸಿಯಾಗಿರುವುದು ಇದಕ್ಕೇ. ಅಂಕಿಯಲ್ಲಿ ಹೇಳುವುದಾದರೆ, ಸಮತಟ್ಟಾದ ಹಳಿಯ ಮೇಲೆ ಒಂದು ಟನ್ ಸರಕು ಉರುಳುತ್ತಿರಲು ಒಂದೆರಡು ಕಿಲೋ ತೂಕದಷ್ಟು ಎಳೆತ ಸಾಕು. ಡಾಂಬರು ರಸ್ತೆಯಲ್ಲಿ ಅದೇ ಟನ್ನಿಗೆ ಆರರಿಂದ ಹತ್ತು ಕಿಲೋ ಬೇಕು. ಇದರ ಮೇಲೆ ಗಾಳಿಯ ತಡೆಯೂ ಇದೆ. ಐವತ್ತೆಂಟು ವ್ಯಾಗನ್‌ಗಳ ರೇಕಿನಲ್ಲಿ ಒಂದರ ಬೆನ್ನಿಗೆ ಒಂದು ಅಡಗಿ ಸಾಗುವುದರಿಂದ ಗಾಳಿಯನ್ನು ಸೀಳುವ ಕೆಲಸವನ್ನು ಹೆಚ್ಚಾಗಿ ಮುಂದಿನ ಎಂಜಿನ್ನೇ ಮಾಡಿ ಮುಗಿಸುತ್ತದೆ. ಅಷ್ಟೇ ಸರಕನ್ನು ಒಯ್ಯಬಲ್ಲ ಇನ್ನೂರು ಲಾರಿಗಳಾದರೆ ಇನ್ನೂರೂ ಪ್ರತ್ಯೇಕವಾಗಿ ಗಾಳಿಯೊಡನೆ ಗುದ್ದಾಡಬೇಕು.

ಭೌತಶಾಸ್ತ್ರದ ತೀರ್ಪು ಇಷ್ಟು ಸ್ಪಷ್ಟವಿದ್ದರೂ ಮಾರುಕಟ್ಟೆಯ ತೀರ್ಪು ತಲೆಕೆಳಗಾಗಿದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1950-51ರ ಸುಮಾರಿಗೆ, ದೇಶದ ಸರಕು ಸಾಗಣೆಯ ಶೇ 80ಕ್ಕೂ ಹೆಚ್ಚು ಪಾಲು ರೈಲಿನದಾಗಿತ್ತು. 2020ರ ಕೊನೆಯಲ್ಲಿ ರಾಷ್ಟ್ರೀಯ ರೈಲು ಯೋಜನೆಯ ಕರಡು ಸಿದ್ಧವಾಗುವ ಹೊತ್ತಿಗೆ ಅದು ಶೇ 27ರ ಆಸುಪಾಸಿಗೆ ಇಳಿದಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಅದನ್ನು ಶೇ 45ಕ್ಕೆ ಏರಿಸುವುದೇ ಆ ಯೋಜನೆಯ ಗುರಿ. ಇಳಿದದ್ದೇಕೆ ಎಂದು ಕೇಳಿದರೆ ಸಿದ್ಧ ಉತ್ತರಗಳು ಬಹಳ: ರೈಲು ನಿಧಾನ, ಅಧಿಕಾರಿಗಳು ಜಡ, ಲಾರಿ ಮನೆಬಾಗಿಲಿಗೆ ಬರುತ್ತದೆ. ಎಲ್ಲದರಲ್ಲೂ ನಿಜಾಂಶವಿದೆ. ಆದರೆ ಇವೆಲ್ಲದರ ಅಡಿಯಲ್ಲಿ ಇನ್ನೊಂದು ಕಾರಣವಿದೆ, ಈ ಅಧ್ಯಾಯ ಬೆನ್ನುಹತ್ತುವುದು ಅದನ್ನೇ. ಸರಕು ಸಾಗಿಸುವುದರ ನಿಜವಾದ ಖರ್ಚಿನ ಬಿಲ್ಲನ್ನು ನಾವು ತಪ್ಪು ವಿಳಾಸಕ್ಕೆ ಕಳಿಸುತ್ತ ಬಂದಿದ್ದೇವೆ. ರಸ್ತೆ ಸವೆಸುವ ಭಾರಕ್ಕೆ ಅದು ಸವೆಸಿದಷ್ಟು ದರವಿಲ್ಲ. ಹಳಿಯ ಮೇಲೆ ಹಗುರವಾಗಿ ಹೋಗುವ ಭಾರಕ್ಕೆ ಅದಕ್ಕೆ ಸಂಬಂಧವಿಲ್ಲದ ಹೊರೆಯನ್ನೂ ಹೇರಿದ್ದೇವೆ. ಹಣ ಹೊಂದಿಸುವ ಸೂತ್ರ ಹೀಗೆ ಇರುವ ತನಕ, ಎಷ್ಟು ಸಾವಿರ ಕಿಲೋಮೀಟರ್ ಹಳಿ ಹಾಸಿದರೂ ಎಷ್ಟು ಪಥದ ಹೆದ್ದಾರಿ ಕಟ್ಟಿದರೂ ಸರಕು ಹರಿಯುವುದು ಸುಳ್ಳು ದರ ತೋರಿಸಿದ ಕಡೆಗೇ.

ಮೊದಲು ರಸ್ತೆಯ ಲೆಕ್ಕ ನೋಡೋಣ. ಒಂದು ಲಾರಿ ರಸ್ತೆಯನ್ನು ಎಷ್ಟು ಹಾಳುಮಾಡುತ್ತದೆ ಎಂಬುದನ್ನು ಊಹೆಗೆ ಬಿಡದೆ ಅಳೆದು ನೋಡಿದ ದೊಡ್ಡ ಪ್ರಯೋಗ ನಡೆದದ್ದು ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬಲ್ಲಿ; ಕೆನಡಾದ ರಾಜಧಾನಿಯಲ್ಲ, ಅದೇ ಹೆಸರಿನ ಸಣ್ಣ ಊರು. ಅಂತರರಾಜ್ಯ ಹೆದ್ದಾರಿ ಜಾಲಕ್ಕೆ 1956ರಲ್ಲಿ ಅಲ್ಲಿನ ಕಾಂಗ್ರೆಸ್ ಹಣ ಮಂಜೂರು ಮಾಡಿದಾಗ ಎದ್ದ ಪ್ರಶ್ನೆ ಸರಳವಾಗಿತ್ತು: ರಸ್ತೆಯನ್ನು ಎಷ್ಟು ದಪ್ಪ ಕಟ್ಟಬೇಕು, ಅದಕ್ಕೆ ಯಾವ ವಾಹನದಿಂದ ಎಷ್ಟು ವಸೂಲಿ ಮಾಡಬೇಕು? ಉತ್ತರಕ್ಕಾಗಿ ಆರು ಸುತ್ತುದಾರಿಗಳನ್ನು ಕಟ್ಟಿದರು. ಜಲ್ಲಿ, ಡಾಂಬರು, ಕಾಂಕ್ರೀಟುಗಳ ದಪ್ಪವನ್ನು ತುಂಡು ತುಂಡಿಗೂ ಬದಲಿಸಿದರು. ಒಂದು ಸುತ್ತುದಾರಿಯ ಮೇಲೆ ಯಾವ ವಾಹನವನ್ನೂ ಬಿಡಲಿಲ್ಲ. ಬಿಸಿಲು, ಮಳೆ, ಹಿಮಗಳಷ್ಟರಿಂದಲೇ ರಸ್ತೆ ಎಷ್ಟು ಹಾಳಾಗುತ್ತದೆಂದು ನೋಡಲು. ಉಳಿದ ಐದರ ಮೇಲೆ 1958ರ ಕೊನೆಯಿಂದ 1960ರ ಕೊನೆಯವರೆಗೆ ಸೈನಿಕರು ಹಗಲೂ ಇರುಳೂ ಲಾರಿ ಓಡಿಸಿದರು. ಪ್ರತಿ ಪಥದಲ್ಲೂ ಗೊತ್ತುಪಡಿಸಿದ ಒಂದೇ ತೂಕದ ಆ್ಯಕ್ಸಲ್. ಎರಡು ವರ್ಷಗಳಲ್ಲಿ ಬದುಕುಳಿದ ಪಥಗಳ ಮೇಲೆ 11 ಲಕ್ಷಕ್ಕೂ ಹೆಚ್ಚು ಆ್ಯಕ್ಸಲ್‌ಗಳು ಹಾದುಹೋದವು. ಅಳತೆಗೋಲಿನಲ್ಲೂ ಒಂದು ಜಾಣ್ಮೆಯಿತ್ತು: ಬಿರುಕು, ಗುಂಡಿ, ಉಬ್ಬುತಗ್ಗುಗಳ ಅಂಕಿಗಳನ್ನು ಪ್ರಯಾಣಿಸಿದ ಜನ ಸೊನ್ನೆಯಿಂದ ಐದರವರೆಗೆ ಕೊಟ್ಟ ಅಂಕಗಳಿಗೆ ತಾಳೆಹಾಕಿದರು. ರಸ್ತೆ ಸತ್ತಿತು ಎಂದು ತೀರ್ಮಾನಿಸಲು ಕೊನೆಗೂ ಬೇಕಾದದ್ದು ಅದರ ಮೇಲೆ ಹೋಗುವವರ ಸೊಂಟದ ಸಾಕ್ಷಿ.

ಬಂದ ಫಲಿತಾಂಶ ಇಂದಿಗೂ ರಸ್ತೆ ಎಂಜಿನಿಯರುಗಳ ಪಾಲಿಗೆ ಪಂಚಾಂಗದಂತಿದೆ. ಆ್ಯಕ್ಸಲ್ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು. ಹಾನಿ ಏರುವುದು ಭಾರದ ನಾಲ್ಕನೇ ಘಾತದ ಲೆಕ್ಕದಲ್ಲಿ. ಕಾರಣ ಲೋಹದ ತಂತಿ ಮುರಿದವರಿಗೆಲ್ಲ ಗೊತ್ತಿರುವಂಥದೇ. ತಂತಿಯನ್ನು ಸ್ವಲ್ಪವೇ ಬಾಗಿಸಿ ಬಿಟ್ಟರೆ ಸಾವಿರ ಸಲವೂ ತಾಳುತ್ತದೆ. ಪೂರ್ತಿ ಮಡಚಿದರೆ ಏಳೆಂಟು ಸಲಕ್ಕೆ ತುಂಡು. ಪ್ರತಿ ಗಾಲಿ ಹಾದಾಗಲೂ ಡಾಂಬರಿನ ಪದರ ಒಮ್ಮೆ ಬಾಗಿ ಏಳುತ್ತದೆ, ಬಾಗು ಹೆಚ್ಚಿದಷ್ಟೂ ಅದರ ಆಯುಸ್ಸು ನಾಗಾಲೋಟದಲ್ಲಿ ಇಳಿಯುತ್ತದೆ. ನಾಲ್ಕು ಎಂಬ ಅಂಕಿಯೇನೂ ದೇವವಾಕ್ಯವಲ್ಲ. ರಸ್ತೆಯ ಬಗೆ, ಕೆಳಗಿನ ಮಣ್ಣು, ನೀರಿಳಿಯುವ ವ್ಯವಸ್ಥೆಗಳನ್ನು ಅನುಸರಿಸಿ ಅದು ಮೂರೂ ಆಗಬಹುದು, ಐದನ್ನೂ ದಾಟಬಹುದು. ಯಾವ ಅಂಕಿ ಹಿಡಿದರೂ ದಿಕ್ಕು ಬದಲಾಗದು. ಮುಕ್ಕಾಲು ಟನ್ ಭಾರದ ಕಾರಿನ ಆ್ಯಕ್ಸಲ್ ಮತ್ತು ಹತ್ತು ಟನ್ ಭಾರದ ಲಾರಿಯ ಆ್ಯಕ್ಸಲ್ ಹೋಲಿಸಿ ನಾಲ್ಕನೇ ಘಾತ ತೆಗೆದರೆ ಲಾರಿಯ ಒಂದು ದಾಟು ಕಾರಿನ ಮೂವತ್ತು ಸಾವಿರ ದಾಟುಗಳಿಗೆ ಸಮ. ಇದೇ ಗಣಿತ ಪರಿಹಾರವನ್ನೂ ತೋರಿಸುತ್ತದೆ: ಒಂದು ಆ್ಯಕ್ಸಲ್ ಮೇಲಿನ ಹತ್ತು ಟನ್ ಭಾರವನ್ನು ಎರಡಕ್ಕೆ ಹಂಚಿದರೆ ಹಾನಿ ಎಂಟನೇ ಒಂದಕ್ಕೆ ಇಳಿಯುತ್ತದೆ. ರಸ್ತೆಗೆ ಶತ್ರುವಾದದ್ದು ದೊಡ್ಡ ಲಾರಿಯಲ್ಲ, ಕಡಿಮೆ ಆ್ಯಕ್ಸಲ್‌ಗಳ ಮೇಲೆ ಹೆಚ್ಚು ಹೇರಿದ ಲಾರಿ.

ಈ ಲೆಕ್ಕ ಹಿಡಿದು ನಮ್ಮ ಕಾನೂನನ್ನು ಓದಿದರೆ ಕಸಿವಿಸಿಯಾಗುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಟಯರುಗಳ ಒಂಟಿ ಆ್ಯಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಭಾರದಲ್ಲಿ ಏರಿಕೆ ಶೇ 13ರಷ್ಟೇ. ನಾಲ್ಕನೇ ಘಾತದ ಪ್ರಕಾರ ಹಾನಿಯಲ್ಲಿ ಶೇ 60ಕ್ಕೂ ಹೆಚ್ಚು. ಹೆಚ್ಚು ಹೇರಿದರೆ ಟ್ರಿಪ್ಪುಗಳು ಕಡಿಮೆಯಾಗುತ್ತವೆ, ಸಾಗಣೆಯ ಖರ್ಚು ಇಳಿಯುತ್ತದೆ ಎಂಬುದು ಸಮರ್ಥನೆ. ಟ್ರಿಪ್ಪುಗಳು ಐದರಲ್ಲಿ ಒಂದರಷ್ಟು ಕಡಿಮೆಯಾದವು ಎಂದೇ ಇಟ್ಟುಕೊಳ್ಳೋಣ. ಆಗಲೂ ಅದೇ ಸರಕಿಗೆ ರಸ್ತೆ ತೆರುವ ಬೆಲೆ ಹಿಂದಿಗಿಂತ ಶೇ 30ರ ಹತ್ತಿರ ಹೆಚ್ಚೇ ಉಳಿಯುತ್ತದೆ. ಲಾರಿ ಮಾಲೀಕನ ಡೀಸೆಲ್ ಮತ್ತು ಡ್ರೈವರ್ ಭತ್ಯೆಯಲ್ಲಿ ಉಳಿದ ಹಣ, ಲೋಕೋಪಯೋಗಿ ಇಲಾಖೆಯ ಡಾಂಬರಿನ ಟೆಂಡರಿನಲ್ಲಿ ಹೊರಟುಹೋಯಿತು. ಖರ್ಚು ಇಳಿದಿಲ್ಲ, ಒಬ್ಬರ ಜೇಬಿನಿಂದ ಎಲ್ಲರ ಜೇಬಿಗೆ ದಾಟಿದೆ.

ಟೋಲ್ ಆದರೂ ಈ ಹಾನಿಯನ್ನು ಗುರುತಿಸುತ್ತದೆಯೇ? ರಾಷ್ಟ್ರೀಯ ಹೆದ್ದಾರಿಗಳ 2008ರ ಶುಲ್ಕ ನಿಯಮಗಳಲ್ಲಿ ಕಿಲೋಮೀಟರಿಗೆ ಮೂಲ ದರ ಕಾರಿಗೆ 65 ಪೈಸೆ, ಬಸ್ ಹಾಗೂ ಲಾರಿಗೆ 2 ರೂಪಾಯಿ 20 ಪೈಸೆ, ನಾಲ್ಕರಿಂದ ಆರು ಆ್ಯಕ್ಸಲ್‌ಗಳ ವಾಹನಕ್ಕೆ 3 ರೂಪಾಯಿ 45 ಪೈಸೆ, ಏಳು ಮತ್ತು ಅದಕ್ಕೂ ಹೆಚ್ಚಿನದಕ್ಕೆ 4 ರೂಪಾಯಿ 20 ಪೈಸೆ. ಬೆಲೆ ಸೂಚ್ಯಂಕ ಹಿಡಿದು ವರ್ಷವರ್ಷ ಏರಿದರೂ ಅನುಪಾತದ ಚೌಕಟ್ಟು ಇದೇ. ಹಾನಿಯಲ್ಲಿ ಸಾವಿರಾರು ಪಟ್ಟು ಅಂತರವಿರುವ ಎರಡು ವಾಹನಗಳ ನಡುವೆ ದರದಲ್ಲಿರುವ ಅಂತರ ಮೂರೂವರೆ ಪಟ್ಟು. ಖಾಲಿ ಲಾರಿಗೂ ತುಂಬಿದ ಲಾರಿಗೂ ಒಂದೇ ದರ. ಒಂದೇ ಮಾಲನ್ನು ಹೆಚ್ಚು ಆ್ಯಕ್ಸಲ್‌ಗಳ ಮೇಲೆ ಹಂಚಿ ರಸ್ತೆಗೆ ಉಪಕಾರ ಮಾಡಿದವನು ಮೇಲಿನ ದರದ ಸಾಲಿಗೆ ಹೋಗುತ್ತಾನೆ. ಟನ್ ಲೆಕ್ಕದಲ್ಲಿ ದೊಡ್ಡ ವಾಹನಕ್ಕೇ ಅಗ್ಗ ಬೀಳುತ್ತದೆ ಎಂಬ ಮಾತು ನಿಜ. ಆದರೆ ಅದು ಆಕಸ್ಮಿಕದ ಫಲ, ದರ ನಿಗದಿ ಮಾಡಿದವರ ತರ್ಕದ ಫಲವಲ್ಲ. ಇಲ್ಲಿ ಒಂದು ಆಕ್ಷೇಪಕ್ಕೆ ಕಿವಿಗೊಡಲೇಬೇಕು. ರಸ್ತೆಯ ಖರ್ಚೆಂದರೆ ಬರೀ ಸವೆತವಲ್ಲ. ಭೂಸ್ವಾಧೀನ, ಸೇತುವೆ, ಮೇಲ್ಸೇತುವೆ, ಅಗಲೀಕರಣಗಳೂ ಇವೆ, ಅವುಗಳ ಬಹುಪಾಲು ವಾಹನಗಳ ಸಂಖ್ಯೆಯಿಂದ ಹುಟ್ಟುವ ಖರ್ಚು. ಜಾಗ ತಿನ್ನುವುದರಲ್ಲಿ ಕಾರುಗಳೇನೂ ಹಿಂದಿಲ್ಲ. ಆದ್ದರಿಂದ ಕಾರಿಗಿಂತ ಲಾರಿಗೆ ಮೂವತ್ತು ಸಾವಿರ ಪಟ್ಟು ಟೋಲ್ ಹಾಕಿ ಎಂದು ಯಾವ ಅರ್ಥಶಾಸ್ತ್ರಜ್ಞನೂ ಹೇಳುವುದಿಲ್ಲ. ಜಾಗದ ಬೆಲೆಯನ್ನು ಎಲ್ಲರೂ ಹಂಚಿಕೊಳ್ಳಲಿ, ಸವೆತದ ಬೆಲೆಯನ್ನು ಸವೆಸಿದವರು ಕೊಡಲಿ ಎಂಬುದಷ್ಟೇ ಬೇಡಿಕೆ. ಈಗಿನ ದರಪಟ್ಟಿ ಎರಡನ್ನೂ ಒಂದೇ ಒರಳಲ್ಲಿ ಹಾಕಿ ರುಬ್ಬಿಬಿಟ್ಟಿದೆ.

ಇನ್ನು ಇಂಧನದ ಮೇಲಿನ ಸೆಸ್. 1998ರಲ್ಲಿ ಪೆಟ್ರೋಲಿನ ಮೇಲೆ, ಮರುವರ್ಷ ಡೀಸೆಲಿನ ಮೇಲೆ ಲೀಟರಿಗೆ ಒಂದು ರೂಪಾಯಿ ಸೆಸ್ ಬಂತು. 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆ ಅದಕ್ಕೊಂದು ತಿಜೋರಿ ಕಟ್ಟಿಕೊಟ್ಟಿತು. ನಾಲ್ಕು ಮಹಾನಗರಗಳನ್ನು ಜೋಡಿಸಿದ 5,846 ಕಿಲೋಮೀಟರಿನ ಸುವರ್ಣ ಚತುಷ್ಕೋನ ಬಹುಮಟ್ಟಿಗೆ ಎದ್ದು ನಿಂತದ್ದು ಈ ಹಣದ ಮೇಲೆ, ಅದನ್ನು ಆಧಾರವಾಗಿಟ್ಟು ತಂದ ಸಾಲದ ಮೇಲೆ. ವಾಹನ ಓಡಿದಷ್ಟೂ ನಿಧಿಗೆ ಹಣ ಬರುತ್ತದೆ, ನಿಧಿ ತುಂಬಿದಷ್ಟೂ ರಸ್ತೆ. ಈ ಸರಳತೆಗೆ ಮರುಳಾಗದ ಹಣಕಾಸು ಮಂತ್ರಿ ಯಾವ ದೇಶದಲ್ಲೂ ಇಲ್ಲ. ಆದರೆ ಡೀಸೆಲ್ ಖರ್ಚು ಭಾರದ ನಾಲ್ಕನೇ ಘಾತದಲ್ಲಿ ಏರುವುದಿಲ್ಲ. ಭಾರ ಎರಡರಷ್ಟಾದರೂ ಇಂಧನ ಎರಡರಷ್ಟಾಗದು. ಅಂದರೆ ಅತಿಯಾಗಿ ಹೇರಿದ ಲಾರಿ, ತಾನು ಒಯ್ದ ಪ್ರತಿ ಟನ್ನಿಗೆ ಕಡಿಮೆ ಸೆಸ್ ತೆತ್ತು ಹೆಚ್ಚು ರಸ್ತೆಯನ್ನು ತಿನ್ನುತ್ತದೆ. 2018ರಲ್ಲಿ ನಿಧಿಯ ಹೆಸರಿಗೆ ಮೂಲಸೌಕರ್ಯ ಎಂಬ ಪದ ಸೇರಿ ಬಾಯಿ ಅಗಲವಾದ ಮೇಲೆ, ಕೊಟ್ಟ ಹಣಕ್ಕೂ ಬಳಸಿದ ರಸ್ತೆಗೂ ಇದ್ದ ನಂಟು ಇನ್ನಷ್ಟು ಸಡಿಲವಾಯಿತು. ಬ್ಯಾಟರಿ ವಾಹನಗಳು ಬಂದಂತೆಲ್ಲ ಈ ತಿಜೋರಿ ಒಳಗಿನಿಂದಲೇ ಬರಿದಾಗುವುದು ಖಚಿತ. ಅಮೆರಿಕ ಈ ದಾರಿಯಲ್ಲಿ ನಮಗಿಂತ ಮುಂದಿದೆ: ಪೆಟ್ರೋಲಿನ ಮೇಲಿನ ಅಲ್ಲಿನ ಕೇಂದ್ರ ತೆರಿಗೆ 1993ರಿಂದ ಗ್ಯಾಲನ್ನಿಗೆ 18.4 ಸೆಂಟ್‌ನಲ್ಲೇ ನಿಂತಿದೆ, 2008ರಿಂದ ಹೆದ್ದಾರಿ ನಿಧಿಗೆ ಸಾಮಾನ್ಯ ಖಜಾನೆಯಿಂದ ಮತ್ತೆ ಮತ್ತೆ ಹಣ ಸುರಿಯುತ್ತಿದ್ದಾರೆ.

ರಸ್ತೆಯಲ್ಲಿ ದರ ನಿಜಕ್ಕಿಂತ ಕಡಿಮೆಯಾದರೆ, ಹಳಿಯ ಮೇಲೆ ಅದು ನಿಜಕ್ಕಿಂತ ಹೆಚ್ಚು. ರೈಲ್ವೆ ಟಿಕೆಟಿನ ಮೇಲೆ ಕೆಲವು ವರ್ಷ ಒಂದು ಸಾಲು ಅಚ್ಚಾಗುತ್ತಿತ್ತು: ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ 57ರಷ್ಟನ್ನು ಮಾತ್ರ ನಿಮ್ಮಿಂದ ಪಡೆಯುತ್ತಿದ್ದೇವೆ ಎಂದು. ಉಳಿದ ಶೇ 43 ಎಲ್ಲಿಂದ ಬಂತೆಂಬುದನ್ನು ಟಿಕೆಟು ಹೇಳುತ್ತಿರಲಿಲ್ಲ. ಅದು ಬಂದದ್ದು ಬಹುಪಾಲು ಗೂಡ್ಸಿನಿಂದ. ರೈಲ್ವೆಯ ಆದಾಯದ ಮೂರನೇ ಎರಡರಷ್ಟು ಸರಕಿನದು. ಹೇರುವ ಸರಕಿನ ತೂಕದಲ್ಲಿ ಅರ್ಧದಷ್ಟು ಕಲ್ಲಿದ್ದಲು. ಪ್ರಯಾಣಿಕರ ನಷ್ಟ ತುಂಬಲು ಸರಕಿನ ಬಾಡಿಗೆ ಏರಿಸುತ್ತ ಹೋದಾಗ, ಬೇರೆ ದಾರಿ ಇದ್ದ ಸರಕು ಮೊದಲು ಎದ್ದು ಹೋಯಿತು. ಹಣ್ಣು, ಬಟ್ಟೆ, ಔಷಧಿ, ಸೋಪು, ಯಂತ್ರದ ಬಿಡಿಭಾಗ—ತೂಕ ಕಡಿಮೆ, ಬೆಲೆ ಹೆಚ್ಚು ಇರುವ ಎಲ್ಲವೂ ಲಾರಿ ಹತ್ತಿದವು. ಬೇರೆ ದಾರಿ ಇಲ್ಲದ ಕಲ್ಲಿದ್ದಲು, ಅದಿರು, ಸಿಮೆಂಟುಗಳಷ್ಟೇ ಹಳಿಯ ಮೇಲೆ ಉಳಿದು ಹೋದವರ ಪಾಲಿನ ಹೊರೆಯನ್ನೂ ಹೊತ್ತವು. ಹೊರೆ ಹೆಚ್ಚಿದಂತೆ ದರ, ದರ ಹೆಚ್ಚಿದಂತೆ ಇನ್ನಷ್ಟು ಸರಕಿನ ಗುಳೆ. ಬಡವರ ಟಿಕೆಟಿನ ದರ ಏರಿಸಬೇಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ, ಏಳಲೇಬೇಕು. ನನ್ನ ಉತ್ತರ, ಏರಿಸಬೇಕಾಗಿಲ್ಲ. ಪ್ರಯಾಣಿಕನಿಗೆ ಕೊಡುವ ರಿಯಾಯಿತಿ ಸಮಾಜದ ನಿರ್ಧಾರವಾದರೆ ಅದನ್ನು ಸಂಸತ್ತು ಬಜೆಟ್ಟಿನಲ್ಲಿ ನೇರವಾಗಿ ಬರೆದು ಕೊಡಲಿ. ಕಲ್ಲಿದ್ದಲಿನ ಬಾಡಿಗೆಯಲ್ಲಿ ಬಚ್ಚಿಟ್ಟರೆ ಅದು ಮಾಯವಾಗುವುದಿಲ್ಲ. ಕರೆಂಟು ಬಿಲ್ಲಿನೊಳಗೆ ಸೇರಿ ಅದೇ ಬಡವನ ಮನೆಗೇ ಬರುತ್ತದೆ. 2017ರಿಂದ ರೈಲ್ವೆ ಬಜೆಟ್ ಸಾಮಾನ್ಯ ಬಜೆಟ್ಟಿನೊಳಗೇ ಸೇರಿರುವುದರಿಂದ ಹೀಗೆ ಬರೆಯಲು ತಾಂತ್ರಿಕ ಅಡ್ಡಿಯೂ ಉಳಿದಿಲ್ಲ. ಇನ್ನೊಂದನ್ನೂ ನೆನಪಿಡಬೇಕು. ಸೂರ್ಯಶಕ್ತಿ ಏರಿ ಕಲ್ಲಿದ್ದಲು ಇಳಿಯುವ ದಿನ ಬಂದಾಗ ಈ ಗುಟ್ಟಿನ ಚಿಲುಮೆ ತಾನಾಗಿಯೇ ಬತ್ತುತ್ತದೆ. ಆಗ ಪ್ರಯಾಣಿಕನ ಶೇ 43ನ್ನು ಯಾರು ಕೊಡುತ್ತಾರೆಂಬ ಲೆಕ್ಕವನ್ನು ಈಗಲೇ ಹಾಕಿಕೊಳ್ಳುವುದು ಒಳ್ಳೆಯದು.

ದರವೇ ಎಲ್ಲವೂ ಆಗಿದ್ದರೆ ಸರಕು ಮೀಸಲು ಹಳಿಗಳ ಅಗತ್ಯವೇನಿತ್ತು ಎಂದು ಕೇಳಬಹುದು. ಇದಕ್ಕೆ ಉತ್ತರ ಹಳಿಯ ಸಾಮರ್ಥ್ಯದ ಗಣಿತದಲ್ಲಿದೆ. ಒಂದೇ ವೇಗದಲ್ಲಿ ಸಾಗುವ ರೈಲುಗಳನ್ನು ಒಂದು ಹಳಿಯ ಮೇಲೆ ಮಣಿ ಪೋಣಿಸಿದಂತೆ ಬಿಡಬಹುದು. ವೇಗ ಬೇರೆಬೇರೆಯಾದ ಕೂಡಲೇ ಈ ಸರ ಹರಿಯುತ್ತದೆ. ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಗೂಡ್ಸು ಪಕ್ಕದ ಲೂಪ್ ಲೈನಿಗೆ ಸರಿದು ನಿಲ್ಲಬೇಕು. ನಿಂತ ಮೂರು ನಾಲ್ಕು ಸಾವಿರ ಟನ್ ಮತ್ತೆ ವೇಗ ಹಿಡಿಯುವಷ್ಟರಲ್ಲಿ ಮುಂದಿನ ಎಕ್ಸ್‌ಪ್ರೆಸ್ ಬಂದಿರುತ್ತದೆ. ನಮ್ಮ ಗೂಡ್ಸ್ ರೈಲುಗಳ ಸರಾಸರಿ ವೇಗ ದಶಕಗಳ ಕಾಲ ಗಂಟೆಗೆ 25 ಕಿಲೋಮೀಟರಿನ ಆಸುಪಾಸಿನಲ್ಲೇ ತೆವಳಿದ್ದು ಎಂಜಿನ್ನಿನ ದೋಷದಿಂದಲ್ಲ, ಈ ಕಾಯುವಿಕೆಯಿಂದ. ಮಹಾನಗರಗಳನ್ನು ಜೋಡಿಸುವ ಹಳಿಗಳು ಒಟ್ಟು ಜಾಲದ ಶೇ 16ರಷ್ಟೇ ಇದ್ದರೂ ದಟ್ಟಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರುತ್ತಿದ್ದವು. ಹಾಗಾಗಿ 2006ರಲ್ಲಿ ಪ್ರತ್ಯೇಕ ನಿಗಮ ಕಟ್ಟಿ ಎರಡು ಮೀಸಲು ಕಾರಿಡಾರ್‌ಗಳಿಗೆ ಕೈಹಾಕಿದ್ದು ಸರಿಯಾದ ನಿರ್ಧಾರ. ಪೂರ್ವದ್ದು ಪಂಜಾಬಿನ ಲೂಧಿಯಾನದಿಂದ ಬಿಹಾರದ ಸೋನ್‌ನಗರದವರೆಗೆ 1,337 ಕಿಲೋಮೀಟರ್, ವಿಶ್ವಬ್ಯಾಂಕಿನ ಸಾಲವೂ ಸೇರಿ ಕಟ್ಟಿದ್ದು. ಪಶ್ಚಿಮದ್ದು ದೆಹಲಿ ಬಳಿಯ ದಾದ್ರಿಯಿಂದ ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನವರೆಗೆ 1,506 ಕಿಲೋಮೀಟರ್, ಜಪಾನಿನ ಸಾಲದಿಂದ. ಅಲ್ಲಿ ಒಂದೂವರೆ ಕಿಲೋಮೀಟರ್ ಉದ್ದದ ರೈಲು ಓಡಬಲ್ಲದು. ಪಶ್ಚಿಮದ ಹಳಿಯ ಮೇಲೆ ವಿದ್ಯುತ್ ತಂತಿಯನ್ನು ಏಳೂವರೆ ಮೀಟರ್ ಎತ್ತರಕ್ಕೆ ಕಟ್ಟಿ, ಒಂದರ ಮೇಲೊಂದು ಕಂಟೇನರ್ ಹೇರಿದ ರೈಲನ್ನು ವಿದ್ಯುತ್ ಎಂಜಿನ್ನಿನಿಂದ ಎಳೆಸುತ್ತಾರೆ.

ಆದರೆ ಯೋಜನೆ ನಡೆದ ಬಗೆಯಲ್ಲಿ ಪಾಠವಿದೆ. 2015ರಲ್ಲಿ ಸುಮಾರು 81 ಸಾವಿರ ಕೋಟಿ ರೂಪಾಯಿ ಎಂದಿದ್ದ ಅಂದಾಜು ಮುಂದೆ ಒಂದು ಲಕ್ಷ ಕೋಟಿಯನ್ನು ದಾಟಿತು. ಪೂರ್ವದ ಕಾರಿಡಾರ್ ಪೂರ್ತಿಯಾದದ್ದು 2023ರಲ್ಲಿ, ನಿಗಮ ಹುಟ್ಟಿದ ಹದಿನೇಳು ವರ್ಷಕ್ಕೆ. ಪಶ್ಚಿಮದಲ್ಲಿ ಎಲ್ಲಕ್ಕಿಂತ ಕೊನೆಗೆ ಉಳಿದ ತುಂಡು ವೈತರಣಾದಿಂದ ಬಂದರಿನವರೆಗಿನದು. ಅಂದರೆ ಕಂಟೇನರ್ ಹುಟ್ಟುವ ಜಾಗವನ್ನು ಬಿಟ್ಟು ಮಿಕ್ಕಲ್ಲೆಲ್ಲ ಹಳಿ ಮೊದಲು ಬಂತು. ಕಾಲುವೆ ತೋಡಿ ತೂಬು ಮರೆತ ಹಾಗೆ. ಈ ಹಳಿಗಳು ಹೊತ್ತ ಸಾಲ ತೀರಬೇಕಾದದ್ದು ಅವುಗಳನ್ನು ಬಳಸುವ ರೈಲುಗಳ ಬಾಡಿಗೆಯಿಂದ. ಪ್ರಯಾಣಿಕರ ನಷ್ಟವೂ ಅದೇ ಬಾಡಿಗೆಯ ತಲೆಗೆ ಬಿದ್ದರೆ, ಭೌತಶಾಸ್ತ್ರ ಕೊಟ್ಟ ಲಾಭವನ್ನು ಲೆಕ್ಕಪತ್ರ ಕಸಿದುಕೊಳ್ಳುತ್ತದೆ.

ಭೌತಶಾಸ್ತ್ರ ಎಲ್ಲೆಡೆ ರೈಲಿನ ಪಕ್ಷಪಾತಿಯೂ ಅಲ್ಲ, ಇದನ್ನು ತಿಳಿಯಲು ಕರ್ನಾಟಕದ ಘಾಟಿಗಳಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯದತ್ತ ಇಳಿಯುವ ಹಳಿಯ ಏರು ಐವತ್ತಕ್ಕೆ ಒಂದು. ಈ ಏರಿನಲ್ಲಿ ಒಂದು ಟನ್ ಎಳೆಯಲು, ಉರುಳುವ ತಡೆಯ ಒಂದೆರಡು ಕಿಲೋ ಜೊತೆಗೆ, ಭೂಮಿಯ ಸೆಳೆತಕ್ಕೆಂದೇ ಇಪ್ಪತ್ತು ಕಿಲೋ ಬೇಕು. ಉಕ್ಕಿನ ನುಣುಪಿನಿಂದ ಉಳಿಸಿದ್ದೆಲ್ಲ ಅಲ್ಲಿ ಮುಳುಗಿಹೋಗುತ್ತದೆ. ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಬೇಕು, ಇಳಿಯುವಾಗ ಆಮೆಯ ನಡೆ ಬೇಕು. ಕ್ಯಾಸಲ್‌ರಾಕ್‌ನಿಂದ ಗೋವಾದ ಕಡೆಗೆ ಇಳಿಯುವ ಬ್ರಗಾಂಜಾ ಘಾಟಿಯಲ್ಲಂತೂ ಏರು ಮೂವತ್ತೇಳಕ್ಕೆ ಒಂದು. ಮೀಸಲು ಕಾರಿಡಾರ್‌ಗಳಲ್ಲಿ ಏರನ್ನು ಇನ್ನೂರಕ್ಕೆ ಒಂದರೊಳಗೆ ಹಿಡಿದಿರುವುದು ಇದಕ್ಕೇ. ಅಂಥ ನಯವಾದ ಏರಿನಲ್ಲಿ ಹೆಚ್ಚುವರಿ ಹೊರೆ ಟನ್ನಿಗೆ ಐದೇ ಕಿಲೋ. ಬಯಲಿನಲ್ಲಿ ರೈಲು ಗೆಲ್ಲುವಷ್ಟು ಸುಲಭವಾಗಿ ಘಾಟಿಯಲ್ಲಿ ಗೆಲ್ಲುವುದಿಲ್ಲ. ಅಲ್ಲಿ ಹಳಿ ಹಾಕುವ ಮುನ್ನ ಸುರಂಗದ ಖರ್ಚು, ಕಾಡಿನ ಬೆಲೆ ಎರಡನ್ನೂ ಲೆಕ್ಕಕ್ಕೆ ತರಬೇಕು. ನಿಜವಾದ ದರ ಎಂದು ನಾನು ಹೇಳುತ್ತಿರುವುದು ರೈಲಿಗೆ ವಕಾಲತ್ತಲ್ಲ. ಅದು ಎರಡೂ ಕಡೆ ಕತ್ತರಿಸುತ್ತದೆ.

ದರ ಸರಿಯಿದ್ದರೆ ಯಾರೂ ಉಪದೇಶ ಮಾಡಬೇಕಾಗಿಲ್ಲ ಎಂಬುದಕ್ಕೆ ಕೊಂಕಣ ರೈಲ್ವೆ ಸಾಕ್ಷಿ. ಈ ಹಳಿಗೆ ಹಣ ಹೊಂದಿಸಿದ ರೀತಿಯೇ ಅಂದಿಗೆ ಹೊಸದು: ಕೇಂದ್ರದ ಜೊತೆಗೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳಗಳು ಬಂಡವಾಳ ಹಾಕಿದವು, ಉಳಿದದ್ದನ್ನು ಬಾಂಡ್ ಮಾರಿ ಎತ್ತಿದರು. 1998ರಲ್ಲಿ ಪೂರ್ತಿ ಹಳಿ ತೆರೆಯಿತು; ಮರುವರ್ಷವೇ ತುಂಬಿದ ಲಾರಿಗಳನ್ನು ವ್ಯಾಗನ್ ಮೇಲೆ ಹತ್ತಿಸಿ ಒಯ್ಯುವ ರೋರೋ ಸೇವೆ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಶುರುವಾಯಿತು, ಮುಂದೆ ಸುರತ್ಕಲ್‌ವರೆಗೂ ಬಂತು. ಕರಾವಳಿಯ ತಿರುವು, ಮಳೆಗಾಲದ ಗುಂಡಿ, ಡೀಸೆಲ್, ಟಯರ್, ಡ್ರೈವರಿನ ನಿದ್ದೆ ಎಲ್ಲವನ್ನೂ ಕೂಡಿ ಕಳೆದು ನೋಡಿದ ಲಾರಿ ಮಾಲೀಕರು ತಾವಾಗಿಯೇ ರ್‍ಯಾಂಪ್ ಹತ್ತಿಸಿದರು. ರೈಲು ಮನೆಬಾಗಿಲಿಗೆ ಬರುವುದಿಲ್ಲ ಎಂಬ ಹಳೆಯ ಆಕ್ಷೇಪಕ್ಕೂ ಇದರಲ್ಲಿ ಅರ್ಧ ಉತ್ತರವಿದೆ: ಬಾಗಿಲಿಗೆ ಲಾರಿಯೇ ಬರಲಿ, ನಡುವಿನ ಐದಾರು ನೂರು ಕಿಲೋಮೀಟರ್ ಹಳಿಯ ಮೇಲಾಗಲಿ. ಉಳಿದರ್ಧವನ್ನು ಒಪ್ಪಿಕೊಳ್ಳಲೇಬೇಕು. ಕೋಲಾರದ ಟೊಮ್ಯಾಟೊ ಬೆಂಗಳೂರಿಗೆ ಲಾರಿಯಲ್ಲೇ ಬರಬೇಕು, ಬರುತ್ತದೆ. ಸಣ್ಣ ದೂರ, ಸಣ್ಣ ಮೂಟೆಗಳಲ್ಲಿ ರೈಲಿಗೆ ಹತ್ತಿಸಿ ಇಳಿಸುವ ಖರ್ಚೇ ಲಾಭವನ್ನು ನುಂಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬರುವುದು ಲಾರಿ ಮಾಲೀಕರ ಕಡೆಯಿಂದ. ಡೀಸೆಲ್ ತೆರಿಗೆ, ರಸ್ತೆ ತೆರಿಗೆ, ಟೋಲ್, ವಿಮೆ, ಚೆಕ್‌ಪೋಸ್ಟುಗಳ ಮಾಮೂಲು ಎಲ್ಲ ಕೊಟ್ಟು ಬದುಕುವ ಒಂದೆರಡು ಲಾರಿಗಳ ಮಾಲೀಕನ ಮೇಲೆ ಇನ್ನೂ ಭಾರ ಹಾಕುತ್ತೀರಾ, ತರಕಾರಿ ಬೆಲೆ ಏರುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆತ ಕಟ್ಟುವ ಒಟ್ಟು ಮೊತ್ತ ಕಡಿಮೆಯೆಂದು ನಾನು ಹೇಳುತ್ತಿಲ್ಲ, ಕಟ್ಟಿಸಿಕೊಳ್ಳುವ ರೀತಿ ತಪ್ಪು ಎನ್ನುತ್ತಿದ್ದೇನೆ. ಈಗಿನ ಪದ್ಧತಿಯಲ್ಲಿ ಟ್ರಿಪ್ಪಿಗೆ ಇಂತಿಷ್ಟು ಎಂದು ಖರ್ಚು ಗಟ್ಟಿಯಾಗಿರುವುದರಿಂದ ಹೆಚ್ಚು ಹೇರಿದಷ್ಟೂ ಲಾಭ. ನಿಯಮದಂತೆ ಹೇರಿದವನಿಗೆ ಬಾಡಿಗೆಯೇ ಸಿಗುವುದಿಲ್ಲ. ಓವರ್‌ಲೋಡಿಗೆ 2019ರ ತಿದ್ದುಪಡಿ ಕಾಯ್ದೆ 20 ಸಾವಿರ ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಎರಡು ಸಾವಿರ ದಂಡ ಇಟ್ಟಿದೆ. ಆದರೆ ಸಿಕ್ಕಿಬಿದ್ದಾಗ ಮಾತ್ರ ಬೀಳುವ ದಂಡ ಜೂಜಾಗುತ್ತದೆ, ದರವಾಗುವುದಿಲ್ಲ. ಬಳ್ಳಾರಿ, ಹೊಸಪೇಟೆಗಳ ಅದಿರಿನ ಭರಾಟೆಯ ದಿನಗಳಲ್ಲಿ ಬೇಲೆಕೇರಿಯ ಬಂದರಿಗೆ ಸಾಲುಗಟ್ಟಿದ ಲಾರಿಗಳು ಹೆದ್ದಾರಿಯನ್ನು ಉತ್ತ ಹೊಲದಂತೆ ಮಾಡಿದ್ದು, ಓವರ್‌ಲೋಡಿನ ವಿಷಯ ಲೋಕಾಯುಕ್ತ ವರದಿಯ ತನಕ ಹೋದದ್ದು ಕನ್ನಡಿಗರಿಗೆ ನೆನಪಿದೆ. ಹಡಗು ಹತ್ತಿದ ಅದಿರಿನ ಬೆಲೆಯಲ್ಲಿ ಆ ರಸ್ತೆಯ ಬೆಲೆ ಸೇರಿರಲಿಲ್ಲ. ತೂಕಕ್ಕೂ ದೂರಕ್ಕೂ ತಕ್ಕ ದರ ಬಂದು, ಅಷ್ಟೇ ಪ್ರಮಾಣದಲ್ಲಿ ಡೀಸೆಲ್ ಸೆಸ್ ಇಳಿದರೆ ತರಕಾರಿ ಲಾರಿಗೆ ಹೊರೆ ಕಡಿಮೆಯಾಗುತ್ತದೆ, ಅದಿರಿನ ಲಾರಿಗೆ ಹೆಚ್ಚುತ್ತದೆ. ಆಗಬೇಕಾದದ್ದು ಅದೇ.

ಇದು ಕಾಗದದ ಮೇಲಿನ ಕಲ್ಪನೆಯೇನಲ್ಲ. ನ್ಯೂಜಿಲೆಂಡ್ 1978ರಿಂದ ಭಾರಿ ವಾಹನಗಳಿಗೆ ತೂಕ, ಆ್ಯಕ್ಸಲ್, ಕಿಲೋಮೀಟರ್ ಲೆಕ್ಕ ಹಿಡಿದೇ ಶುಲ್ಕ ಹಾಕುತ್ತಿದೆ. ಸ್ವಿಟ್ಜರ್ಲೆಂಡಿನ ಕತೆ ಇನ್ನೂ ಸ್ವಾರಸ್ಯದ್ದು. ಆಲ್ಪ್ಸ್ ದಾಟುವ ಸರಕು ರೈಲಿನಲ್ಲೇ ಹೋಗಲಿ ಎಂದು ಅಲ್ಲಿನ ಜನ 1994ರಲ್ಲಿ ಮತ ಹಾಕಿದರು. 2001ರಿಂದ ಮೂರೂವರೆ ಟನ್ ಮೀರಿದ ಪ್ರತಿ ಲಾರಿಯೂ ತನ್ನ ಗರಿಷ್ಠ ತೂಕ, ಓಡಿದ ದೂರ, ಉಗುಳುವ ಹೊಗೆ ಮೂರನ್ನೂ ಗುಣಿಸಿದ ಶುಲ್ಕ ಕಟ್ಟಬೇಕಾಯಿತು. ಜೊತೆಯಲ್ಲೇ ಲಾರಿಗಳ ತೂಕದ ಮಿತಿಯನ್ನು 28 ಟನ್‌ನಿಂದ ಹಂತಹಂತವಾಗಿ 40ಕ್ಕೆ ಏರಿಸಿದರು—ಹೆಚ್ಚು ಒಯ್ಯಿರಿ, ಆದರೆ ಬೆಲೆ ಕೊಟ್ಟು ಒಯ್ಯಿರಿ ಎಂದು. ಬಂದ ಹಣದ ದೊಡ್ಡ ಪಾಲು ಹೊಸ ರೈಲು ಸುರಂಗಗಳಿಗೆ ಹೋಯಿತು. 57 ಕಿಲೋಮೀಟರಿನ ಗೊಟ್ಹಾರ್ಡ್ ಸುರಂಗ 2016ರಲ್ಲಿ ತೆರೆಯಿತು, ಬೆಟ್ಟ ಹತ್ತುತ್ತಿದ್ದ ರೈಲು ಬೆಟ್ಟದ ಬುಡದಲ್ಲೇ ನೆಟ್ಟಗೆ ನುಗ್ಗಿತು. 2000ದಲ್ಲಿ ವರ್ಷಕ್ಕೆ 14 ಲಕ್ಷದಷ್ಟು ಲಾರಿಗಳು ಸ್ವಿಸ್ ಆಲ್ಪ್ಸ್ ದಾಟುತ್ತಿದ್ದವು, ಈಗ ಹತ್ತು ಲಕ್ಷಕ್ಕೂ ಕಡಿಮೆ. ಸ್ವಿಟ್ಜರ್ಲೆಂಡ್ ಶ್ರೀಮಂತ ದೇಶ, ಹೋಲಿಕೆ ಸಲ್ಲದು ಎನ್ನುವವರಿಗೆ ನಮ್ಮದೇ ದೇಶದ ಉಲ್ಟಾ ಪ್ರಯೋಗವನ್ನು ನೆನಪಿಸಬಹುದು. 1950ರ ದಶಕದಿಂದ 1990ರ ದಶಕದ ಆರಂಭದವರೆಗೆ, ಉಕ್ಕಿನಂಥ ಸರಕಿಗೆ ದೇಶದಲ್ಲೆಲ್ಲ ಒಂದೇ ಬೆಲೆ ಇರಲೆಂದು ದೂರದ ಬಾಡಿಗೆಯನ್ನು ಸರ್ಕಾರ ಸಮ ಮಾಡಿತ್ತು. ಗಣಿಯ ಪಕ್ಕದಲ್ಲಿರುವ ಅನುಕೂಲವನ್ನು ಬಿಹಾರ, ಒಡಿಶಾ, ಪಶ್ಚಿಮ ಬಂಗಾಳಗಳು ಕಳೆದುಕೊಂಡವು. ಕಾರ್ಖಾನೆಗಳು ಸಾವಿರಾರು ಕಿಲೋಮೀಟರ್ ದೂರದಲ್ಲಿ ಎದ್ದವು. ಸಾಗಣೆಯ ದರವನ್ನು ಸುಳ್ಳು ಮಾಡಿದರೆ ದೇಶದ ನಕಾಶೆಯೇ ಬದಲಾಗುತ್ತದೆ ಎಂಬುದನ್ನು ನಾವು ನಾಲ್ಕು ದಶಕ ಮಾಡಿ ನೋಡಿದ್ದೇವೆ.

ಯೋಜನೆಗಳ ಕೊರತೆ ನಮಗಿಲ್ಲ. 2017ರಲ್ಲಿ ಭಾರತ್‌ಮಾಲಾ, 2021ರಲ್ಲಿ ಗತಿಶಕ್ತಿ, 2022ರಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ. ಗತಿಶಕ್ತಿಯು ನಕಾಶೆಗಳನ್ನು ಒಂದೇ ಪರದೆಯ ಮೇಲೆ ತಂದದ್ದು ದೊಡ್ಡ ಉಪಕಾರ. ಹಳಿ, ರಸ್ತೆ, ಪೈಪ್‌ಲೈನ್‌ಗಳು ಇನ್ನಾದರೂ ಒಂದನ್ನೊಂದು ಅಗೆದು ಹಾಳು ಮಾಡುವುದು ತಪ್ಪೀತು. ಆದರೆ ಅಳತೆಯ ಬಗ್ಗೆ ನಮಗಿರುವ ಉದಾಸೀನಕ್ಕೆ ಒಂದು ನಿದರ್ಶನ ಕೊಡಬೇಕು. ದೇಶದ ಉತ್ಪನ್ನದ ಶೇ 13-14ರಷ್ಟು ಸಾಗಣೆ, ದಾಸ್ತಾನುಗಳಿಗೇ ಹೋಗುತ್ತದೆ ಎಂದು ಭಾಷಣಗಳಲ್ಲೂ ದಾಖಲೆಗಳಲ್ಲೂ ವರ್ಷಗಟ್ಟಲೆ ಉರು ಹೊಡೆದೆವು. ಸರ್ಕಾರದ ಕೋರಿಕೆಯ ಮೇಲೆ ಅನ್ವಯಿಕ ಆರ್ಥಿಕ ಸಂಶೋಧನೆಯ ರಾಷ್ಟ್ರೀಯ ಮಂಡಳಿ ಕೂತು ಎಣಿಸಿದಾಗ 2021-22ರ ಅಂದಾಜು ಬಂದದ್ದು ಶೇ 7.8ರಿಂದ 8.9ರ ನಡುವೆ. ರೋಗಿಯ ಜ್ವರ ನೋಡದೆಯೇ ಔಷಧಿ ಬರೆದಂತಾಗಿತ್ತು. ಆ ಅಂದಾಜಿನೊಳಗೂ ರಸ್ತೆ ಸವೆತದ ಬೆಲೆಗೆ ಪ್ರತ್ಯೇಕ ಕಂಬಸಾಲು ಬರುವ ತನಕ ರೈಲು ಅಗ್ಗವೋ ಲಾರಿ ಅಗ್ಗವೋ ಎಂಬ ವಾದ ಬಗೆಹರಿಯುವುದಿಲ್ಲ.

ಅಳೆಯುವ ಸಾಧನಗಳಿಲ್ಲ ಎಂದೇನಲ್ಲ. 2021ರ ಫೆಬ್ರುವರಿಯಿಂದ ಟೋಲ್ ಗೇಟುಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಯಾವ ವಾಹನ ಯಾವ ಗೇಟನ್ನು ಯಾವಾಗ ದಾಟಿತು ಎಂಬ ಲೆಕ್ಕ ಕಂಪ್ಯೂಟರಿನಲ್ಲಿದೆ. ಸಾಗುತ್ತಿರುವಾಗಲೇ ಆ್ಯಕ್ಸಲ್ ತೂಗುವ ಯಂತ್ರಗಳನ್ನು ಅನೇಕ ಟೋಲ್ ಗೇಟುಗಳ ನೆಲದಲ್ಲಿ ಹೂತಿದ್ದೇವೆ. ಆ ತೂಕ ಇವತ್ತಿಗೂ ದಂಡ ಹಾಕಲು ಮಾತ್ರ ಬಳಕೆಯಾಗುತ್ತಿದೆ, ದರ ಹಾಕಲು ಅಲ್ಲ.